ಠಾಣೆಯಿಂದ ಬರಿಗೈಯಲ್ಲಿ ಬರಬೇಡಿ



ಸಂಘ ಕಟ್ಟಿದ ಹೊಸತರಲ್ಲಿ ಬ್ಯಾಂಕಿನ ಬಾಗಿಲ ಬಳಿ ಹೋಗಲು ನಾವು ಎಷ್ಟು ಹೆದರಿದ್ದೆವು, ನೆನಪಿದೆಯಾ? ಈಗ ಮ್ಯಾನೇಜರ್ ಎದುರಿಗೇ ಕುರ್ಚಿ ಎಳೆದುಕೊಂಡು ಕೂತು ಸಾಲದ ಬಗ್ಗೆ ಮಾತಾಡುತ್ತೇವೆ. ಪಂಚಾಯಿತಿಗೆ ಹೋಗುತ್ತೇವೆ, ತಾಲೂಕು ಕಚೇರಿಗೂ ಹೋಗುತ್ತೇವೆ. ಆದರೆ "ಪೊಲೀಸ್ ಸ್ಟೇಷನ್" ಅಂದ ಕೂಡಲೇ ಇವತ್ತಿಗೂ ಕಾಲು ಹಿಂದೆ ಸರಿಯುತ್ತದೆ. "ಮರ್ಯಾದಸ್ಥರು ಅಲ್ಲಿಗೆ ಹೋಗ್ತಾರಾ?" ಎಂದು ಮನೆಯವರೂ ಹೇಳುತ್ತಾರೆ.

ಒಂದು ಸಂಘದ ವಾರದ ಸಭೆಯಲ್ಲಿ ನಡೆದ ಮಾತು ಇದು. ಸದಸ್ಯೆಯೊಬ್ಬರು ಮದುವೆ ಮುಗಿಸಿ ಬರುವಾಗ ಬೈಕಿನಲ್ಲಿ ಬಂದ ಇಬ್ಬರು ಅವರ ಕರಿಮಣಿ ಸರ ಕಿತ್ತುಕೊಂಡು ಹೋಗಿದ್ದರು. "ಹೋದದ್ದು ಹೋಯ್ತು, ಸ್ಟೇಷನ್ ಸಹವಾಸ ಬೇಡ" ಎಂದರು ಮನೆಯವರು. ಮನಸ್ಸು ಕೇಳದೆ ಮೂರನೇ ದಿನ ಆಕೆ ಹತ್ತಿರದ ಠಾಣೆಗೆ ಹೋದರು. "ಅದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ, ಅಲ್ಲಿಗೇ ಹೋಗಿ" ಎಂದು ಕಳಿಸಿದರು. ಆಕೆ ಮನೆಗೆ ಬಂದು ಸುಮ್ಮನಾದರು.

ಸಭೆಯಲ್ಲಿ ಇದನ್ನು ಹೇಳಿದಾಗ ಪ್ರತಿನಿಧಿ ಒಂದೇ ಪ್ರಶ್ನೆ ಕೇಳಿದರು: "ಅವರು ನಿಮಗೆ ಯಾವ ಕಾಗದ ಕೊಟ್ಟರು?"

"ಕಾಗದ ಏನೂ ಕೊಡ್ಲಿಲ್ಲ ಅಕ್ಕ. ಬಾಯಲ್ಲಿ ಹೇಳಿ ಕಳಿಸಿದ್ರು."

ಮರುದಿನ ಇಬ್ಬರು ಸದಸ್ಯೆಯರು ಜೊತೆಗೆ ಹೋದರು. ದೂರನ್ನು ಬರೆದೇ ಒಯ್ದಿದ್ದರು. ಅದೇ ಠಾಣೆ, ಅದೇ ಸಿಬ್ಬಂದಿ. ಆ ದಿನ ದೂರು ದಾಖಲಾಯಿತು, ಪ್ರತಿಯೂ ಕೈಗೆ ಬಂತು. ಸರ ಇನ್ನೂ ಸಿಕ್ಕಿಲ್ಲ. ಆದರೆ ಈಗ ಆ ಪ್ರಕರಣಕ್ಕೆ ಒಂದು ನಂಬರ್ ಇದೆ, ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿ ಇದ್ದಾರೆ. ಬಾಯಿಮಾತಿಗೂ ಕಾಗದಕ್ಕೂ ಇರುವ ವ್ಯತ್ಯಾಸ ಇದು. ನಮ್ಮ ಸಂಘದ ನಿರ್ಣಯ ಪುಸ್ತಕದಲ್ಲಿ ಬರೆಯದ ಮಾತಿಗೆ ಬೆಲೆ ಇಲ್ಲ ಅಲ್ಲವೇ? ಠಾಣೆಯಲ್ಲೂ ಹಾಗೆಯೇ.

ಹಾಗಾದರೆ ಈ ಪೊಲೀಸ್ ಇಲಾಖೆ ಹೇಗಿದೆ, ಯಾರ ಮೇಲೆ ಯಾರಿದ್ದಾರೆ, ನಮಗೆ ಏನು ಸಿಗಬೇಕು ಎಂದು ತಿಳಿಯೋಣ.

ಮೇಲಿನಿಂದ ಕೆಳಗೆ – ಇಲಾಖೆಯ ಏಣಿ

ನಮ್ಮ ಸಂವಿಧಾನದ ಪ್ರಕಾರ ಪೊಲೀಸ್ ಎಂಬುದು ರಾಜ್ಯ ಸರ್ಕಾರದ ವಿಷಯ. ಕರ್ನಾಟಕ ರಾಜ್ಯ ಪೊಲೀಸ್ ಇಲಾಖೆ ಗೃಹ ಇಲಾಖೆಯ ಅಡಿಯಲ್ಲಿದೆ. ರಾಜ್ಯ ಒಂದಾದಾಗ ಹಳೇ ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್ ಪ್ರಾಂತಗಳಿಗೂ ಕೊಡಗಿಗೂ ಬೇರೆ ಬೇರೆ ಪೊಲೀಸ್ ಕಾನೂನುಗಳಿದ್ದವು. ಇಡೀ ರಾಜ್ಯಕ್ಕೆ ಒಂದೇ ಕಾನೂನು ಬಂದದ್ದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಿಂದ. ಅದು ಜಾರಿಗೆ ಬಂದ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 2ರಂದು ಪೊಲೀಸ್ ಧ್ವಜ ದಿನ ಆಚರಿಸುತ್ತಾರೆ.

ಇಡೀ ಇಲಾಖೆಗೆ ಮುಖ್ಯಸ್ಥರು ಪೊಲೀಸ್ ಮಹಾನಿರ್ದೇಶಕರು. 'ಡಿಜಿಪಿ' ಎಂದು ಟಿವಿಯಲ್ಲಿ ಕೇಳುತ್ತೇವಲ್ಲ, ಅವರೇ. ಅವರ ಕಚೇರಿ ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿದೆ. ರಾಜ್ಯವನ್ನು ಏಳು ವಲಯಗಳಾಗಿ ಮಾಡಿದ್ದಾರೆ. ಬೆಂಗಳೂರು, ಮೈಸೂರು, ದಾವಣಗೆರೆ, ಮಂಗಳೂರು, ಬೆಳಗಾವಿ, ಕಲಬುರಗಿ, ಬಳ್ಳಾರಿ ಇವುಗಳ ಕೇಂದ್ರಗಳು. ಒಂದೊಂದು ವಲಯಕ್ಕೂ ಒಬ್ಬ ಐಜಿಪಿ ಇರುತ್ತಾರೆ.

ವಲಯದ ಕೆಳಗೆ ಜಿಲ್ಲೆ. ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ಎಸ್ಪಿ, ಅಂದರೆ ಪೊಲೀಸ್ ವರಿಷ್ಠಾಧಿಕಾರಿ. ಜಿಲ್ಲೆಯ ಕೆಳಗೆ ಉಪವಿಭಾಗ, ಅಲ್ಲಿ ಡಿವೈಎಸ್ಪಿ. ಅದರ ಕೆಳಗೆ ವೃತ್ತ, ಅಂದರೆ ಸರ್ಕಲ್. ಅಲ್ಲಿ ಸರ್ಕಲ್ ಇನ್‌ಸ್ಪೆಕ್ಟರ್. ಕೊನೆಗೆ ನಮ್ಮ ಠಾಣೆ. ಇಂಥ ಠಾಣೆಗಳು ರಾಜ್ಯದಲ್ಲಿ 900ಕ್ಕೂ ಹೆಚ್ಚು ಇವೆ.

ದೊಡ್ಡ ನಗರಗಳಲ್ಲಿ ಸ್ವಲ್ಪ ಬೇರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ, ಈ ಆರು ಕಡೆ ಎಸ್ಪಿ ಬದಲು ಪೊಲೀಸ್ ಕಮಿಷನರ್ ಇದ್ದಾರೆ. ಅವರ ಕೆಳಗೆ ಡಿಸಿಪಿ, ಎಸಿಪಿ, ಇನ್‌ಸ್ಪೆಕ್ಟರ್. ಒಂದೇ ಜಿಲ್ಲೆಯಲ್ಲಿ ಎರಡೂ ಇರಬಹುದು. ದಕ್ಷಿಣ ಕನ್ನಡವನ್ನೇ ನೋಡಿ. ಮೂಡುಬಿದಿರೆಯವರು ಮೇಲಧಿಕಾರಿಗೆ ಬರೆಯುವುದಾದರೆ ಮಂಗಳೂರು ಕಮಿಷನರ್‌ಗೆ ಬರೆಯಬೇಕು, ಬೆಳ್ತಂಗಡಿಯವರು ಎಸ್ಪಿಗೆ ಬರೆಯಬೇಕು. ನಿಮ್ಮ ಠಾಣೆ ಯಾರ ಕೆಳಗೆ ಬರುತ್ತದೆ ಎಂದು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.

ಇಷ್ಟೆಲ್ಲ ಯಾಕೆ ತಿಳಿಯಬೇಕು? ಕೆಳಗಿನ ಮೆಟ್ಟಿಲಲ್ಲಿ ಕೆಲಸ ಆಗದಿದ್ದರೆ ಮೇಲಿನ ಮೆಟ್ಟಿಲು ಯಾವುದು ಎಂದು ಗೊತ್ತಿರಬೇಕು. ಅದಕ್ಕೆ.

ಠಾಣೆಯಲ್ಲಿ ಯಾರ್ಯಾರು?

ಠಾಣೆಯ ಜವಾಬ್ದಾರಿ ಹೊತ್ತವರು ಠಾಣಾಧಿಕಾರಿ. ಹಳ್ಳಿ ಕಡೆ ಸಾಮಾನ್ಯವಾಗಿ ಸಬ್ ಇನ್‌ಸ್ಪೆಕ್ಟರ್, ಅಂದರೆ ಪಿಎಸ್‌ಐ. ಪೇಟೆಯ ಅನೇಕ ಠಾಣೆಗಳಲ್ಲಿ ಇನ್‌ಸ್ಪೆಕ್ಟರ್. ಅವರ ಜೊತೆ ಎಎಸ್‌ಐ, ಹೆಡ್ ಕಾನ್‌ಸ್ಟೇಬಲ್, ಕಾನ್‌ಸ್ಟೇಬಲ್‌ಗಳು ಇರುತ್ತಾರೆ. ದೂರು ಬರೆದುಕೊಳ್ಳುವ, ಕಡತ ನೋಡಿಕೊಳ್ಳುವ ಸಿಬ್ಬಂದಿಗೆ 'ರೈಟರ್' ಎನ್ನುತ್ತಾರೆ.

ಯಾರ ಹತ್ತಿರ ಮಾತಾಡುತ್ತಿದ್ದೇವೆ ಎಂದು ತಿಳಿಯಲು ಅವರ ಭುಜ ನೋಡಿ. ಹೆಡ್ ಕಾನ್‌ಸ್ಟೇಬಲ್‌ಗೆ ತೋಳಿನ ಮೇಲೆ ಮೂರು ಪಟ್ಟಿ. ಎಎಸ್‌ಐಗೆ ಒಂದು ನಕ್ಷತ್ರ, ಪಿಎಸ್‌ಐಗೆ ಎರಡು, ಇನ್‌ಸ್ಪೆಕ್ಟರ್‌ಗೆ ಮೂರು. ಈ ಮೂವರಿಗೂ ನಕ್ಷತ್ರದ ಜೊತೆ ಕೆಂಪು-ನೀಲಿ ಪಟ್ಟಿ ಇರುತ್ತದೆ. ಪಟ್ಟಿ ಇಲ್ಲದೆ ಬರೀ ಮೂರು ನಕ್ಷತ್ರ ಇದ್ದರೆ ಅವರು ಡಿವೈಎಸ್ಪಿ. ಮೊದಲು ಒಂದು ಬದಿ ಮಡಚಿದ ಅಗಲ ಟೋಪಿ ನೋಡಿ ಕಾನ್‌ಸ್ಟೇಬಲ್ ಎಂದು ಗುರುತಿಸುತ್ತಿದ್ದೆವು. 2025ರ ಅಕ್ಟೋಬರ್‌ನಲ್ಲಿ ಅವರಿಗೂ ನೀಲಿ ಬಣ್ಣದ ಪೀಕ್ ಕ್ಯಾಪ್ ಬಂದಿದೆ. ಆದ್ದರಿಂದ ಟೋಪಿಗಿಂತ ಭುಜ ನೋಡುವುದೇ ಸರಿ. ಅಂಗಿಯ ಮೇಲೆ ಹೆಸರಿನ ಪಟ್ಟಿಯೂ ಇರುತ್ತದೆ. ಓದಿ ನೆನಪಿಟ್ಟುಕೊಳ್ಳಿ.

ಮೆರವಣಿಗೆ, ಗಲಾಟೆ, ಚುನಾವಣೆ ಬಂದೋಬಸ್ತಿಗೆ ವ್ಯಾನಿನಲ್ಲಿ ಬರುವವರು ಬೇರೆ. ಅವರು ಕೆಎಸ್‌ಆರ್‌ಪಿ ಅಥವಾ ಜಿಲ್ಲಾ ಸಶಸ್ತ್ರ ಪಡೆಯವರು. ದೂರು ಕೊಡಬೇಕಾದ್ದು ಠಾಣೆಯಲ್ಲೇ.

ಇನ್ನೊಂದು ಮಾತು. ಠಾಣೆಯ ಸಿಬ್ಬಂದಿಯೂ ನಮ್ಮಂಥ ಮನೆಗಳಿಂದಲೇ ಬಂದವರು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದೋಬಸ್ತಿಗೆ ಹೋಗುವವರೂ ಇದ್ದಾರೆ. ನಾವು ಮರ್ಯಾದೆಯಿಂದ ಮಾತಾಡೋಣ. ಆದರೆ ಮರ್ಯಾದೆ ಎಂದರೆ ಹೆದರಿಕೆ ಅಲ್ಲ.

ಬೀಟ್ ಪೊಲೀಸರು

ಪ್ರತಿ ಠಾಣೆಯ ವ್ಯಾಪ್ತಿಯನ್ನು ಸಣ್ಣ ಸಣ್ಣ ಬೀಟ್‌ಗಳಾಗಿ ಹಂಚಿ, ಒಂದೊಂದು ಬೀಟನ್ನು ಸಿಬ್ಬಂದಿಗೆ ವಹಿಸುತ್ತಾರೆ. ನಿಮ್ಮ ಊರಿಗೂ ಒಬ್ಬರು ಬೀಟ್ ಪೊಲೀಸ್ ಇದ್ದೇ ಇದ್ದಾರೆ. 2025ರ ಜುಲೈಯಲ್ಲಿ ಸರ್ಕಾರ 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮ ಆರಂಭಿಸಿತು. ಬೀಟ್ ಸಿಬ್ಬಂದಿಯೇ ಮನೆಗಳಿಗೆ ಹೋಗಿ ಜನರ ತೊಂದರೆ ಕೇಳಬೇಕು ಎಂಬುದು ಅದರ ಉದ್ದೇಶ. ನಿಮ್ಮ ಬೀಟ್ ಪೊಲೀಸರನ್ನು ಒಮ್ಮೆ ಸಂಘದ ಸಭೆಗೆ ಕರೆಯಿರಿ. ಊರಿನ ಅಕ್ರಮ ಸಾರಾಯಿ, ಬಸ್ ನಿಲ್ದಾಣದಲ್ಲಿ ಹುಡುಗಿಯರನ್ನು ಚುಡಾಯಿಸುವುದು, ಇಂಥವನ್ನು ಮುಖ ಪರಿಚಯ ಇರುವವರ ಹತ್ತಿರ ಹೇಳುವುದು ಸುಲಭ.

ದೂರು ಕೊಡುವುದು ಹೇಗೆ?

2024ರ ಜುಲೈ 1ರಿಂದ ದೇಶದಲ್ಲಿ ಹೊಸ ಕ್ರಿಮಿನಲ್ ಕಾನೂನುಗಳು ಬಂದಿವೆ. ಹಳೇ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಈ ಎರಡನೆಯ ಕಾನೂನಿನ 173ನೇ ಕಲಂ ದೂರಿನ ಬಗ್ಗೆ ಇದೆ. ಆ ನಂಬರ್ ನೆನಪಿಡಿ.

ಕಳವು, ಸುಲಿಗೆ, ಗಂಭೀರ ಹಲ್ಲೆ, ಅತ್ಯಾಚಾರ, ವರದಕ್ಷಿಣೆ ಕಿರುಕುಳದಂಥ ಅಪರಾಧಗಳಲ್ಲಿ ಪೊಲೀಸರು ಎಫ್‌ಐಆರ್, ಅಂದರೆ ಪ್ರಥಮ ವರ್ತಮಾನ ವರದಿ ದಾಖಲಿಸಬೇಕು. ಇದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆ ಇರುವ ಅಪರಾಧಗಳಲ್ಲಿ ಮಾತ್ರ, ಡಿವೈಎಸ್ಪಿ ಅನುಮತಿ ಪಡೆದು ಮೊದಲು ವಿಚಾರಣೆ ಮಾಡಬಹುದು. ಅದನ್ನೂ 14 ದಿನದೊಳಗೆ ಮುಗಿಸಬೇಕು.

ಈ ಸಂಗತಿಗಳನ್ನು ಎಲ್ಲರೂ ತಿಳಿದಿರಲಿ:

• ಬರೆಯಲು ಬಾರದಿದ್ದರೆ ಬಾಯಲ್ಲೇ ಹೇಳಬಹುದು. ಪೊಲೀಸರು ಬರೆದುಕೊಂಡು ಓದಿ ಹೇಳಬೇಕು. ಸರಿ ಇದ್ದರೆ ಮಾತ್ರ ಸಹಿ ಅಥವಾ ಹೆಬ್ಬೆಟ್ಟು ಹಾಕಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ.

• ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಒಂದು ರೂಪಾಯಿಯೂ ಇಲ್ಲ.

• ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ದೂರು ಕೊಡಬಹುದು. ಇದಕ್ಕೆ 'ಝೀರೋ ಎಫ್‌ಐಆರ್' ಎನ್ನುತ್ತಾರೆ. ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅವರ ಕೆಲಸ. ನಮ್ಮ ಸದಸ್ಯೆಗೆ "ವ್ಯಾಪ್ತಿ ಅಲ್ಲ" ಎಂದದ್ದು ಸರಿಯಲ್ಲ ಎಂಬುದು ಈಗ ತಿಳಿಯಿತಲ್ಲ?

• ಮೊಬೈಲ್ ಅಥವಾ ಕಂಪ್ಯೂಟರ್ ಮೂಲಕವೂ ಮಾಹಿತಿ ಕೊಡಬಹುದು. ಆದರೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು.

• ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು.

• ಮಗು ಕಾಣೆಯಾದರೆ "24 ಗಂಟೆ ನೋಡಿ ಬನ್ನಿ" ಎಂಬ ನಿಯಮ ಎಲ್ಲೂ ಇಲ್ಲ. ಕೂಡಲೇ ಎಫ್‌ಐಆರ್ ಆಗಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಆದೇಶ ಮಾಡಿದೆ.

ಸಣ್ಣ ಬೈಗುಳ, ಚಿಕ್ಕ ಜಗಳದಂಥ ವಿಷಯದಲ್ಲಿ ಎಫ್‌ಐಆರ್ ಆಗುವುದಿಲ್ಲ. ಆಗ ಅದನ್ನು ಬೇರೆ ಪುಸ್ತಕದಲ್ಲಿ ಬರೆದುಕೊಂಡು, ಮ್ಯಾಜಿಸ್ಟ್ರೇಟ್ ಬಳಿ ಹೋಗುವಂತೆ ತಿಳಿಸುತ್ತಾರೆ. ಆಗಲೂ ಸ್ವೀಕೃತಿ ಅಥವಾ ಹಿಂಬರಹ ಕೇಳಿ ಪಡೆಯಿರಿ. ಎಫ್‌ಐಆರ್ ಆಗಲಿ, ಹಿಂಬರಹ ಆಗಲಿ, ಯಾವುದಾದರೂ ಒಂದು ಕಾಗದ ಇಲ್ಲದೆ ಠಾಣೆಯಿಂದ ಹೊರಡಬೇಡಿ.

ದೂರು ಬರೆಯುವಾಗ ಇಷ್ಟು ಇರಲಿ: ಯಾರಿಗೆ (ಠಾಣಾಧಿಕಾರಿಗಳು, ಇಂಥ ಠಾಣೆ), ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್, ಏನಾಯಿತು, ಎಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಮಾಡಿದರು, ಗೊತ್ತಿಲ್ಲದಿದ್ದರೆ ನೋಡಲು ಹೇಗಿದ್ದರು, ನೋಡಿದವರು ಯಾರಿದ್ದರು, ಏನು ನಷ್ಟವಾಯಿತು. ಕೊನೆಗೆ ದಿನಾಂಕ, ಸಹಿ. ಎರಡು ಪ್ರತಿ ಮಾಡಿ. ಒಂದರ ಮೇಲೆ ಠಾಣೆಯ ಮೊಹರು ಹಾಕಿಸಿಕೊಂಡು ಮನೆಗೆ ತನ್ನಿ. ತಡವಾಗಿ ಹೋಗಿದ್ದರೆ ಯಾಕೆ ತಡವಾಯಿತು ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಿರಿ.

ತೆಗೆದುಕೊಳ್ಳದಿದ್ದರೆ?

ಈಗ ಏಣಿಯ ಪಾಠ ಉಪಯೋಗಕ್ಕೆ ಬರುತ್ತದೆ. ಠಾಣೆಯಲ್ಲಿ ಎಫ್‌ಐಆರ್ ನಿರಾಕರಿಸಿದರೆ ಅದೇ ದೂರನ್ನು ಎಸ್ಪಿ ಅಥವಾ ಕಮಿಷನರ್ ಕಚೇರಿಗೆ ಕೊಡಿ, ಇಲ್ಲವೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ರಸೀದಿ ಜೋಪಾನ. ಎಸ್ಪಿಯವರು ಸ್ವತಃ ತನಿಖೆ ಮಾಡಬಹುದು ಅಥವಾ ಮಾಡಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಇದಕ್ಕೆ ವಕೀಲರ ಖರ್ಚು ಎಂದು ಹೆದರಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ತಾಲೂಕು ನ್ಯಾಯಾಲಯದಲ್ಲೇ ಆ ಸಮಿತಿಯ ಕಚೇರಿ ಇರುತ್ತದೆ.

ಅತ್ಯಾಚಾರ, ಆಸಿಡ್ ದಾಳಿ, ಮಾನಭಂಗದಂಥ ದೂರನ್ನು ಬೇಕೆಂದೇ ದಾಖಲಿಸದ ಪೊಲೀಸ್ ಅಧಿಕಾರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಪೊಲೀಸರೇ ಹೊಡೆದರೆ, ಅನ್ಯಾಯ ಮಾಡಿದರೆ ಪೊಲೀಸ್ ದೂರು ಪ್ರಾಧಿಕಾರ, ರಾಜ್ಯ ಮಾನವ ಹಕ್ಕುಗಳ ಆಯೋಗ, ರಾಜ್ಯ ಮಹಿಳಾ ಆಯೋಗಗಳಿಗೆ ಬರೆಯಬಹುದು.

ಹೆಂಗಸರಿಗೆ ಇರುವ ರಕ್ಷಣೆ

ಸಾಕ್ಷಿ ಹೇಳಲು, ವಿಚಾರಣೆಗೆ ಎಂದು ಹೆಂಗಸರನ್ನು ಠಾಣೆಗೆ ಬರಲು ಒತ್ತಾಯಿಸುವಂತಿಲ್ಲ. ಅವರ ಮನೆಗೇ ಬಂದು ಕೇಳಬೇಕು. 15 ವರ್ಷದೊಳಗಿನ ಮಕ್ಕಳಿಗೆ, 60 ದಾಟಿದವರಿಗೆ, ಅಂಗವಿಕಲರಿಗೆ, ತೀವ್ರ ಕಾಯಿಲೆಯವರಿಗೂ ಇದೇ ನಿಯಮ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸನ್ನು ಬಂಧಿಸುವಂತಿಲ್ಲ. ಅನಿವಾರ್ಯವಾದರೆ ಮಹಿಳಾ ಪೊಲೀಸ್ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬಂಧಿಸಬೇಕು. ಯಾರನ್ನೇ ಬಂಧಿಸಿದರೂ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಲೈಂಗಿಕ ದೌರ್ಜನ್ಯದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು.

ಗಂಡನ ಮನೆಯ ಹಿಂಸೆಗೆ ಠಾಣೆ ಒಂದೇ ದಾರಿ ಅಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಪ್ರಕಾರ ರಕ್ಷಣಾಧಿಕಾರಿ ಇರುತ್ತಾರೆ. ನಮ್ಮ ರಾಜ್ಯದಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ ಅವರೇ ಈ ಕೆಲಸ ಮಾಡುತ್ತಾರೆ. ಜಿಲ್ಲೆಯ 'ಸಖಿ' ಕೇಂದ್ರದಲ್ಲಿ ತಂಗಲು ಜಾಗ, ವೈದ್ಯರ ನೆರವು, ಕಾನೂನು ಸಲಹೆ ಸಿಗುತ್ತದೆ.

ಪೊಲೀಸರು ಮಾಡುವ ಕೆಲಸವಲ್ಲ

ಎಲ್ಲದಕ್ಕೂ ಠಾಣೆಗೆ ಓಡುವುದೂ ಸರಿಯಲ್ಲ. ಜಮೀನಿನ ಗಡಿ ತೀರ್ಮಾನ, ಆಸ್ತಿ ಪಾಲು, ವಿಚ್ಛೇದನ, ಇವು ನ್ಯಾಯಾಲಯಕ್ಕೂ ಕಂದಾಯ ಇಲಾಖೆಗೂ ಸೇರಿದ್ದು. ಸಾಲ ವಸೂಲಿ ಕೂಡ ಪೊಲೀಸರ ಕೆಲಸವಲ್ಲ. ಸದಸ್ಯೆಯೊಬ್ಬರು ಕಂತು ಕಟ್ಟಲಿಲ್ಲ ಎಂದು ಸಂಘದವರು ಠಾಣೆಗೆ ಎಳೆಯುವಂತಿಲ್ಲ. ಆದರೆ ಸಂಘದ ದುಡ್ಡನ್ನು ಯಾರಾದರೂ ಮೋಸದಿಂದ ನುಂಗಿದರೆ ಅದು ಅಪರಾಧ, ದೂರು ಕೊಡಬಹುದು. ಆಗ ಬೇಕಾಗುವ ಸಾಕ್ಷಿ ನಮ್ಮ ಲೆಕ್ಕ ಪುಸ್ತಕಗಳೇ.

ಹೊರಗಿನ ಸಾಲ ವಸೂಲಿಗಾರರು "ಕಂತು ಕಟ್ಟದಿದ್ರೆ ಪೊಲೀಸರಿಗೆ ಹಿಡಿಸ್ತೇವೆ" ಎಂದು ಹೆದರಿಸುವುದುಂಟು. ದುಡಿಮೆ ಕೈಕೊಟ್ಟು ಸಾಲ ತೀರಿಸಲಾಗದಿದ್ದರೆ ಅದು ಅಪರಾಧವಲ್ಲ. ಮನೆ ಮುಂದೆ ಕೂತು ಬೈಯುವುದು, ಸಾಮಾನು ಹೊತ್ತೊಯ್ಯುವುದು, ಬೆದರಿಸುವುದು ಅಪರಾಧ. ಕಿರು ಸಾಲದ ಹೆಸರಲ್ಲಿ ನಡೆಯುವ ಬಲವಂತವನ್ನು ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಪ್ರತ್ಯೇಕ ಕಾನೂನೇ ಬಂದಿದೆ. ಅದರಡಿ ಬರುವ ದೂರನ್ನು ಪೊಲೀಸ್ ಅಧಿಕಾರಿ ನಿರಾಕರಿಸುವಂತಿಲ್ಲ. ಹೆದರಿ ಜೀವ ಕಳೆದುಕೊಳ್ಳುವ ಯೋಚನೆ ಯಾರಿಗೂ ಬಾರದಿರಲಿ. ಅಂಥ ಅಕ್ಕ-ತಂಗಿ ನಿಮ್ಮ ಸಂಘದಲ್ಲಿದ್ದರೆ ಇವತ್ತೇ ಅವರ ಮನೆಗೆ ಹೋಗಿ, ಜೊತೆಗೆ ಕೂತು ಮಾತಾಡಿ.

ಫೋನಿನಲ್ಲಿ ಬರುವ ಸುಳ್ಳು ಪೊಲೀಸರು

ವಿಡಿಯೋ ಕಾಲ್‌ನಲ್ಲಿ ಪೊಲೀಸ್ ಬಟ್ಟೆ ಹಾಕಿ "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಹಣ ಹಾಕಿ" ಎನ್ನುವವರು ಕಳ್ಳರು. ಫೋನಿನಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿ ಇಲ್ಲ. ನಿಜವಾದ ಪೊಲೀಸರು ಹಣ ಹಾಕಿ ಎನ್ನುವುದಿಲ್ಲ, ಓಟಿಪಿ ಕೇಳುವುದೂ ಇಲ್ಲ. ಖಾತೆಯಿಂದ ಹಣ ಹೋದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು. ಇಂಥ ಪ್ರಕರಣಕ್ಕೆಂದೇ ಜಿಲ್ಲೆಗಳಲ್ಲಿ 'ಸಿಇಎನ್' ಠಾಣೆಗಳಿವೆ.

ಗೋಡೆಗೆ ಅಂಟಿಸಿಡಿ

112 – ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ (ತುರ್ತು ಕರೆ)
181 – ಮಹಿಳಾ ಸಹಾಯವಾಣಿ
1098 – ಮಕ್ಕಳ ಸಹಾಯವಾಣಿ
1930 – ಆನ್‌ಲೈನ್ ಹಣ ವಂಚನೆ
15100 – ಉಚಿತ ಕಾನೂನು ನೆರವು

ನಮ್ಮ ಠಾಣೆಯ ಫೋನ್: ……………
ಬೀಟ್ ಪೊಲೀಸರ ಹೆಸರು, ಫೋನ್: ……………
ಎಸ್ಪಿ / ಕಮಿಷನರ್ ಕಚೇರಿ ಫೋನ್: ……………

ಮುಂದಿನ ಸಭೆಯಲ್ಲಿ ಚರ್ಚಿಸೋಣ

1. ನಮ್ಮ ಊರು ಯಾವ ಠಾಣೆಗೆ, ಯಾವ ಉಪವಿಭಾಗಕ್ಕೆ ಸೇರಿದೆ?
2. ನಮ್ಮಲ್ಲಿ ಯಾರಾದರೂ ದೂರು ಕೊಡಲು ಹೋಗಿ ಬರಿಗೈಯಲ್ಲಿ ಬಂದದ್ದುಂಟೇ? ಈಗ ಏನು ಮಾಡಬಹುದು?
3. ಸದಸ್ಯೆಯೊಬ್ಬರು ಠಾಣೆಗೆ ಹೋಗಬೇಕಾಗಿ ಬಂದರೆ ಜೊತೆಗೆ ಹೋಗುವ ಇಬ್ಬರು ಯಾರು? ಹೆಸರನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

ಮೂರನೇ ಪ್ರಶ್ನೆಗೆ ಉತ್ತರ ಬರೆಯದೆ ಸಭೆ ಮುಗಿಸಬೇಡಿ. ಕರಿಮಣಿ ಕಳೆದುಕೊಂಡ ನಮ್ಮ ಸದಸ್ಯೆ ಆಮೇಲೆ ಹೇಳಿದ ಮಾತು: "ಕಾನೂನು ನಂಗೆ ಅವತ್ತೂ ಗೊತ್ತಿರ್ಲಿಲ್ಲ. ಪಕ್ಕದಲ್ಲಿ ಇಬ್ರು ಕೂತಿದ್ರಲ್ಲ, ಅದಕ್ಕೇ ಬಾಯಿ ಬಂತು." ತಿಳಿದವರು ತಿಳಿಯದವರಿಗೆ ತಿಳಿಸೋಣ. ಒಬ್ಬರನ್ನೇ ಕಳಿಸದೆ ಜೊತೆಗೆ ಹೋಗೋಣ.